ದೂರ ಒಂದೇ, ಹೊತ್ತು ಹಲವು

ಬಳ್ಳಾರಿಯ ಗಾಂಧಿನಗರದಲ್ಲಿ ಯಾರನ್ನಾದರೂ ನಿಲ್ಲಿಸಿ ಬೆಂಗಳೂರು ಎಷ್ಟು ದೂರ ಎಂದು ಕೇಳಿ ನೋಡಿ. ಕಿಲೋಮೀಟರಿನ ಲೆಕ್ಕ ಹೇಳುವವರು ಕಡಿಮೆ. ‘ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದ್ರ ಬೆಳಿಗ್ಗಿ ಇಳೀತೀರಿ’ ಎನ್ನುತ್ತಾರೆ ಒಬ್ಬರು. ‘ಕಾರಿನಾಗ ಆದ್ರ ಐದಾರು ತಾಸು’ ಎನ್ನುತ್ತಾರೆ ಇನ್ನೊಬ್ಬರು. ದೂರ ಕೇಳಿದರೆ ಹೊತ್ತು ಹೇಳುವುದು ನಮ್ಮ ಜನರ ರೂಢಿ. ಪ್ರಯಾಣಿಕನಿಗೆ ಬೇಕಾದ್ದೂ ಅದೇ. ವಿಮಾನದ ಟಿಕೆಟ್ ಕೂಡ ಈ ರೂಢಿಯನ್ನೇ ಪಾಲಿಸುತ್ತದೆ. ಹೊರಡುವ ವೇಳೆ, ತಲುಪುವ ವೇಳೆ ಎರಡನ್ನು ಅಚ್ಚುಹಾಕಿ ಸುಮ್ಮನಾಗುತ್ತದೆ. ನಡುವಿನ ದೂರದ ಸುದ್ದಿಗೇ ಹೋಗುವುದಿಲ್ಲ.

ಆ ಎರಡು ವೇಳೆಗಳ ನಡುವಿನ ಅಂತರವನ್ನು ಕೂಡಿಸಿ ಕಟ್ಟುವ ಕಸುಬೊಂದಿದೆ. ದೂರವನ್ನು ವೇಗದಿಂದ ಭಾಗಿಸಿದರೆ ಹೊತ್ತು ಸಿಗುತ್ತದೆ ಎಂದು ಐದನೇ ತರಗತಿಯ ಹುಡುಗನೂ ಬಲ್ಲ. ಆದರೆ ಆಕಾಶದಲ್ಲಿ ದೂರವನ್ನು ಅಳೆಯುವುದು ಹೇಗೆ, ಯಾವ ವೇಗದಿಂದ ಭಾಗಿಸಬೇಕು, ಗಾಳಿ ಎಷ್ಟು ಕೊಟ್ಟೀತು ಎಷ್ಟು ಕಿತ್ತುಕೊಂಡೀತು, ನೆಲದ ಮೇಲೆ ಉರುಳುವ ಹೊತ್ತನ್ನು ಯಾರ ಲೆಕ್ಕಕ್ಕೆ ಹಾಕಬೇಕು ಎಂದು ಒಂದೊಂದಾಗಿ ಕೇಳುತ್ತ ಹೋದರೆ ಆ ಸರಳ ಭಾಗಾಕಾರದ ಹಿಂದೆ ಭೂಮಾಪಕ, ಹವಾಮಾನ ತಜ್ಞ, ಪೈಲಟ್, ಹಾರಾಟದ ಯೋಜನೆ ಬರೆಯುವ ಡಿಸ್ಪ್ಯಾಚರ್, ವೇಳಾಪಟ್ಟಿ ಹೊಂದಿಸುವ ಗುಮಾಸ್ತ ಎಲ್ಲರೂ ಕಾಣಿಸಿಕೊಳ್ಳುತ್ತಾರೆ. ಈ ಕಸುಬನ್ನು ಪರಿಚಯಿಸಲು ಬಳ್ಳಾರಿಗಿಂತ ಒಳ್ಳೆಯ ಊರು ಸಿಗುವುದು ಕಷ್ಟ. ಟಾಟಾ ವಿಮಾನ ಅಂಚೆಯ ಮೊದಲ ದಾರಿಯಲ್ಲಿ ಈ ಊರು ಒಂದು ನಿಲ್ದಾಣವಾಗಿತ್ತು.

ಮೊದಲು ದೂರದ ಮಾತು. ಎರಡು ಊರುಗಳ ನಡುವಿನ ವೈಮಾನಿಕ ದೂರ ಎಂದರೆ ನಿಜವಾಗಿ ಎರಡು ಬಿಂದುಗಳ ನಡುವಿನ ದೂರ. ಪ್ರತಿ ವಿಮಾನ ನಿಲ್ದಾಣಕ್ಕೂ ಅಕ್ಷಾಂಶ ರೇಖಾಂಶಗಳಲ್ಲಿ ಗೊತ್ತುಮಾಡಿದ ಒಂದು ಆಧಾರ ಬಿಂದು ಇರುತ್ತದೆ. ಸಾಮಾನ್ಯವಾಗಿ ಅದು ರನ್‌ವೇಗಳ ನಡುಮಧ್ಯದ ಆಸುಪಾಸಿನಲ್ಲಿರುತ್ತದೆ. ಬೆಂಗಳೂರಿನ ಕೆಂಪೇಗೌಡ ನಿಲ್ದಾಣ 13.2 ಡಿಗ್ರಿ ಉತ್ತರ, 77.7 ಡಿಗ್ರಿ ಪೂರ್ವದಲ್ಲಿದೆ. ಬಳ್ಳಾರಿಗೆ ಹತ್ತಿರದ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಮಗ್ಗುಲಿಗಿರುವ ಜಿಂದಾಲ್ ವಿದ್ಯಾನಗರ ನಿಲ್ದಾಣ 15.2 ಡಿಗ್ರಿ ಉತ್ತರ, 76.6 ಡಿಗ್ರಿ ಪೂರ್ವದಲ್ಲಿದೆ. ಈ ಅಂಕಿಗಳು ಇಂದು ಫೋನಿನಲ್ಲೇ ಸಿಗುತ್ತವೆ. ಆದರೆ ಒಂದು ಊರು ಭೂಮಿಯ ಮೇಲೆ ಕರಾರುವಾಕ್ಕಾಗಿ ಎಲ್ಲಿದೆ ಎಂದು ಹೇಳಲು ಹಿಂದಿನವರು ಪಟ್ಟ ಪಾಡು ಸಣ್ಣದಲ್ಲ.

1802ರ ಏಪ್ರಿಲ್‌ನಲ್ಲಿ ಭೂಮಾಪಕ ವಿಲಿಯಂ ಲ್ಯಾಂಬ್ಟನ್ ಮದರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಉಕ್ಕಿನ ಸರಪಳಿ ಹಾಸಿ ಏಳೂವರೆ ಮೈಲಿಯ ಒಂದು ಆಧಾರರೇಖೆಯನ್ನು ಅಳೆದ. ಅಲ್ಲಿಂದ ಬೆಟ್ಟದಿಂದ ಬೆಟ್ಟಕ್ಕೆ ಕೋನ ಹಿಡಿದು, ತ್ರಿಕೋನದ ಮೇಲೆ ತ್ರಿಕೋನ ಹೆಣೆಯುತ್ತ ದಕ್ಷಿಣ ಭಾರತವನ್ನೆಲ್ಲ ಅಳೆದ. ಲೆಕ್ಕ ಹಾದಿ ತಪ್ಪಿಲ್ಲ ಎಂದು ಖಾತ್ರಿಮಾಡಿಕೊಳ್ಳಲು ಅಲ್ಲಲ್ಲಿ ಹೊಸ ಆಧಾರರೇಖೆ ಅಳೆಯಬೇಕಾಗುತ್ತಿತ್ತು. ಅಂಥದ್ದೊಂದನ್ನು 1811ರಲ್ಲಿ ಅಳೆದದ್ದು ಗುತ್ತಿಯ ಬಳಿ. ಗುತ್ತಿ ಆಗ ಬಳ್ಳಾರಿ ಸೀಮೆಗೇ ಸೇರಿತ್ತು. ಅನಂತಪುರ ಜಿಲ್ಲೆ ಬಳ್ಳಾರಿಯಿಂದ ಬೇರೆಯಾದದ್ದು 1882ರಲ್ಲಿ. ನಮ್ಮ ಸೀಮೆಯ ಕರಿಮಣ್ಣಿನ ಬಯಲು, ಅದರ ನಡುವೆ ಥಟ್ಟನೆ ಎದ್ದು ನಿಂತ ಬೋಳು ಬಂಡೆಗುಡ್ಡಗಳು ಮೋಜಣಿಯವರಿಗೆ ಹೇಳಿ ಮಾಡಿಸಿದಂತಿದ್ದವು. ಒಂದು ಗುಡ್ಡದ ತುದಿಯಿಂದ ಇನ್ನೊಂದರ ತುದಿ ಅಡೆತಡೆಯಿಲ್ಲದೆ ಕಾಣಬೇಕಲ್ಲ.

ಬಿಂದುಗಳು ಗೊತ್ತಾದ ಮೇಲೆ ಗೆರೆ. ಗೋಡೆಗೆ ತೂಗುಹಾಕಿದ ನಕ್ಷೆಯ ಮೇಲೆ ಸ್ಕೇಲ್ ಇಟ್ಟು ಎಳೆದ ಗೆರೆ ಭೂಮಿಯ ಮೇಲೆ ಅತಿ ಹತ್ತಿರದ ದಾರಿಯಾಗಬೇಕೆಂದೇನೂ ಇಲ್ಲ. ಭೂಮಿ ಗುಂಡಗಿದೆ. ಗ್ಲೋಬಿನ ಮೇಲೆ ಎರಡು ಊರುಗಳ ನಡುವೆ ದಾರವನ್ನು ಬಿಗಿಯಾಗಿ ಹಿಡಿದರೆ ಅದು ತಾನಾಗಿ ಅತಿ ಚಿಕ್ಕ ದಾರಿಯಲ್ಲಿ ಕೂರುತ್ತದೆ. ಆ ಗೆರೆಯನ್ನು ಮುಂದುವರಿಸಿದರೆ ಭೂಮಿಯನ್ನು ಸರಿಯಾಗಿ ಎರಡು ಹೋಳು ಮಾಡುವ ವೃತ್ತವಾಗುತ್ತದೆ. ಮಹಾವೃತ್ತ ಎನ್ನುವುದು ಇದನ್ನೇ. ಅದರ ಮೇಲೆ ಒಂದು ಡಿಗ್ರಿ ಸರಿದರೆ 60 ನಾಟಿಕಲ್ ಮೈಲಿ ಕ್ರಮಿಸಿದಂತೆ. ಒಂದು ನಾಟಿಕಲ್ ಮೈಲಿ ಎಂದರೆ 1,852 ಮೀಟರ್. ಹಡಗಿನವರು ಕಟ್ಟಿದ ಈ ಅಳತೆಯನ್ನು ವಿಮಾನದವರೂ ಬಿಟ್ಟುಕೊಟ್ಟಿಲ್ಲ. ಡಿಗ್ರಿಯ ಲೆಕ್ಕ ನೇರವಾಗಿ ದೂರದ ಲೆಕ್ಕವಾಗುವ ಅನುಕೂಲ ಇದರಲ್ಲಿದೆ.

ಬೆಂಗಳೂರಿನಿಂದ ವಿದ್ಯಾನಗರಕ್ಕೆ ಕೈಯಾರೆ ಲೆಕ್ಕ ಹಾಕಿ ನೋಡೋಣ. ಉತ್ತರಕ್ಕೆ ಸುಮಾರು 1.98 ಡಿಗ್ರಿ ಹೋಗಬೇಕು. ಪಶ್ಚಿಮಕ್ಕೆ 1.07 ಡಿಗ್ರಿ. ಆದರೆ ಸಮಭಾಜಕದಿಂದ ಮೇಲೆ ಬಂದಂತೆ ರೇಖಾಂಶಗಳು ಒಂದಕ್ಕೊಂದು ಹತ್ತಿರ ಸರಿಯುತ್ತವೆ. ನಮ್ಮ ಅಕ್ಷಾಂಶದಲ್ಲಿ ಅವುಗಳ ನಡುವಿನ ಅಂತರ ನೂರಕ್ಕೆ ತೊಂಬತ್ತೇಳರಷ್ಟು ಮಾತ್ರ ಉಳಿಯುತ್ತದೆ. ಹಾಗಾಗಿ 1.07 ಎನ್ನುವುದು 1.04 ಆಗುತ್ತದೆ. ಇನ್ನು ಪೈಥಾಗೊರಸನ ಸೂತ್ರ ಸಾಕು: ಸಿಗುವುದು 2.24 ಡಿಗ್ರಿ, ಅಂದರೆ 134 ನಾಟಿಕಲ್ ಮೈಲಿ, ಸುಮಾರು 248 ಕಿ.ಮೀ. ಅದೇ ವಿದ್ಯಾನಗರದಿಂದ ಹೈದರಾಬಾದಿನ ಶಂಷಾಬಾದಿಗೆ 300 ಕಿ.ಮೀ. ಆಸುಪಾಸು. ದೂರದ ಊರುಗಳಿಗಾದರೆ ಇಷ್ಟಕ್ಕೇ ಬಿಡುವಂತಿಲ್ಲ. ಭೂಮಿ ಪೂರ್ತಿ ಗುಂಡೂ ಅಲ್ಲ; ಸಮಭಾಜಕದಲ್ಲಿ ತ್ರಿಜ್ಯ 6,378 ಕಿ.ಮೀ., ಧ್ರುವಗಳಲ್ಲಿ 6,357. ಆ ಚಪ್ಪಟೆತನವನ್ನೂ ಒಳಗೊಂಡ ಡಬ್ಲ್ಯೂಜಿಎಸ್-84 ಎಂಬ ಭೂಮಿಯ ಮಾದರಿಯನ್ನು ನಾಗರಿಕ ವಿಮಾನಯಾನ 1998ರ ಜನವರಿಯಿಂದ ಎಲ್ಲೆಡೆಗೂ ಒಂದೇ ಮಾನದಂಡವಾಗಿ ಒಪ್ಪಿಕೊಂಡಿದೆ. 250 ಕಿ.ಮೀ.ಗೆ ಅದರಿಂದಾಗುವ ವ್ಯತ್ಯಾಸ ಒಂದು ಕಿ.ಮೀ. ಕೂಡ ಇಲ್ಲ.

ಈಗ 1932ಕ್ಕೆ ಹೋಗೋಣ. ಆ ವರ್ಷದ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಪುಸ್ ಮಾತ್ ಎಂಬ ಒಂದೇ ಎಂಜಿನ್ನಿನ ಪುಟ್ಟ ವಿಮಾನದಲ್ಲಿ ಅಂಚೆಯ ಚೀಲ ಹೊತ್ತು ಅಹಮದಾಬಾದ್ ಮಾರ್ಗವಾಗಿ ಬೊಂಬಾಯಿಯ ಜುಹುಗೆ ಬಂದಿಳಿದರು. ಅಲ್ಲಿಂದ ಮುಂದಿನ ಪಾಳಿ ನೆವಿಲ್ ವಿಂಟ್ಸೆಂಟ್ ಅವರದು. ಬ್ರಿಟಿಷ್ ವಾಯುಪಡೆಯಲ್ಲಿದ್ದ ಈ ಪೈಲಟ್‌ನೇ ವಿಮಾನ ಅಂಚೆಯ ಯೋಜನೆಯನ್ನು ಟಾಟಾ ಸಂಸ್ಥೆಯ ಮುಂದಿಟ್ಟವರು. ಇನ್ನೊಂದು ಪುಸ್ ಮಾತ್ ಏರಿ ಅವರು ಬಳ್ಳಾರಿಗೆ ಬಂದರು. ರಾತ್ರಿ ಇಲ್ಲಿ ತಂಗಿ ಮರುದಿನ ಮದರಾಸು ಮುಟ್ಟಿದರು. ಮುಂದೆ 1946ರಲ್ಲಿ ಏರ್ ಇಂಡಿಯಾ ಎಂದಾದ ಸಂಸ್ಥೆ ಶುರುವಾದದ್ದು ಹೀಗೆ. ಅದರ ಮೊದಲ ದಾರಿಯ ಐದು ಊರುಗಳಲ್ಲಿ ಬಳ್ಳಾರಿಯೂ ಒಂದು.

ನಿಲುಗಡೆಗೆ ಬಳ್ಳಾರಿಯೇ ಏಕೆ? ದಂಡು ಇದ್ದ ಊರು, ರೈಲು ಬರುವ ಊರು ಎಂಬುದೇನೋ ಸರಿ. ಅದರಾಚೆ ನಕ್ಷೆಯ ಗೆರೆ ಹೇಳುವ ಇನ್ನೊಂದು ಮಾತಿದೆ. ಜುಹುವಿನಿಂದ ಮದರಾಸಿಗೆ ನೇರ ದೂರ ಸುಮಾರು 1,037 ಕಿ.ಮೀ. ಬಳ್ಳಾರಿಯ ಮೇಲೆ ಹಾದುಹೋದರೆ ಬಳ್ಳಾರಿಯವರೆಗೆ 618, ಅಲ್ಲಿಂದ 424, ಒಟ್ಟು 1,042. ಬಳ್ಳಾರಿ ಆ ನೇರ ಗೆರೆಯಿಂದ ತೆಂಕಕ್ಕೆ ಹತ್ತಿರ ಹತ್ತಿರ 47 ಕಿ.ಮೀ. ಸರಿದು ಕೂತಿದೆ, ಆದರೂ ಹೆಚ್ಚಾಗುವ ದಾರಿ ಐದಾರು ಕಿ.ಮೀ. ಅಷ್ಟೆ, ಪುಸ್ ಮಾತ್‌ಗೆ ಎರಡೇ ನಿಮಿಷ. ಉದ್ದನೆಯ ಗೆರೆಯಿಂದ ಸ್ವಲ್ಪ ಪಕ್ಕಕ್ಕೆ ಸರಿದರೆ ತೆರಬೇಕಾದ ಬೆಲೆ ತೀರಾ ಕಡಿಮೆ ಎಂಬ ಈ ಗುಟ್ಟನ್ನು ದಾರಿ ಯೋಜಿಸುವವರು ಇಂದಿಗೂ ನೆಚ್ಚಿಕೊಂಡಿದ್ದಾರೆ. ಗುಡುಗುಮೋಡ ಬಳಸಿ ಹೋಗುವಾಗ, ವಾಯುಪಡೆಯ ವಲಯ ಬಿಟ್ಟು ಹೋಗುವಾಗ, ಒಳ್ಳೆಯ ಗಾಳಿ ಅರಸಿ ಹೋಗುವಾಗ ಅವರಿಗೆ ಧೈರ್ಯ ಬರುವುದು ಇದರಿಂದಲೇ.

ಆ ಕಾಲದ ಪೈಲಟ್‌ಗೆ ವಿಮಾನದಲ್ಲಿ ರೇಡಿಯೋ ಇರಲಿಲ್ಲ, ನೆಲದ ಮೇಲೆ ದಾರಿ ತೋರುವ ಉಪಕರಣವೂ ಇರಲಿಲ್ಲ. ನಕ್ಷೆ, ಪೆನ್ಸಿಲ್, ದಿಕ್ಸೂಚಿ, ಗಡಿಯಾರ ಇವಿಷ್ಟೇ ಅವನ ಬಂಡವಾಳ. ಜುಹುವಿನಿಂದ ಬಳ್ಳಾರಿಗೆ ಗೆರೆ ಎಳೆದು ನೋಡಿ: ಸಹ್ಯಾದ್ರಿ ದಾಟಿ, ಜಮಖಂಡಿಯ ಕಡೆಯಲ್ಲಿ ಕೃಷ್ಣೆಯನ್ನು ಹಾಯ್ದು, ಇಳಕಲ್ಲಿನ ನೆತ್ತಿಯ ಮೇಲೆ ಹಾದು, ಗಂಗಾವತಿ ಕಂಪ್ಲಿಗಳ ಬಳಿ ತುಂಗಭದ್ರೆಯನ್ನು ಕಂಡು, ಕುರುಗೋಡಿನ ಗುಡ್ಡಗಳನ್ನು ಎಡಕ್ಕೆ ಬಿಟ್ಟರೆ ಎದುರಿಗೆ ಬಳ್ಳಾರಿಯ ಕೋಟೆಗುಡ್ಡ. ಪೈಲಟ್ ಗೆರೆಯ ಮೇಲೆ ಹತ್ತು ಹತ್ತು ನಿಮಿಷಕ್ಕೆ ಗುರುತು ಹಾಕಿಕೊಳ್ಳುತ್ತಾನೆ. ಹೊಳೆ ಎಷ್ಟು ಗಂಟೆಗೆ ಬರಬೇಕಿತ್ತು, ಎಷ್ಟು ಗಂಟೆಗೆ ಬಂತು ಎಂದು ತಾಳೆ ನೋಡುತ್ತಾನೆ. ಹೊಳೆ ತಡವಾಗಿ ಬಂದರೆ ಎದುರುಗಾಳಿ ಇದೆ ಎಂದರ್ಥ. ಊರು ಎಡಕ್ಕೆ ಬರಬೇಕಾದದ್ದು ಬಲಕ್ಕೆ ಬಂದರೆ ಗಾಳಿ ಪಕ್ಕಕ್ಕೆ ತಳ್ಳಿದೆ ಎಂದರ್ಥ.

ಅವನ ತಲೆಯಲ್ಲಿ ಸದಾ ಇರುವ ಒಂದು ಸೂತ್ರ: ಅರವತ್ತು ಮೈಲಿ ಹೋಗುವಾಗ ಒಂದು ಡಿಗ್ರಿ ತಪ್ಪಿದರೆ ಒಂದು ಮೈಲಿ ತಪ್ಪುತ್ತದೆ. ಜುಹುವಿನಿಂದ ಹೊರಟಾಗ ಒಂದು ಡಿಗ್ರಿ ಹೆಚ್ಚುಕಮ್ಮಿಯಾದರೆ ಬಳ್ಳಾರಿ ಹತ್ತು ಕಿ.ಮೀ. ಆಚೆ ಸರಿಯುತ್ತದೆ. ಅಷ್ಟಾದರೆ ಗುಡ್ಡ ಕಣ್ಣಿಗೆ ಬೀಳುತ್ತದೆ. ಐದು ಡಿಗ್ರಿ ತಪ್ಪಿದರೆ ಐವತ್ತು ಕಿ.ಮೀ.; ಆಗ ಕೆಳಗಿನ ಬಯಲಿನಲ್ಲಿ ಕಾಣುವುದು ಯಾವ ಊರೆಂದು ಊಹಿಸುತ್ತ ಪೆಟ್ರೋಲು ಸುಡಬೇಕು.

ಈ ಕಸುಬಿನ ಹೃದಯ ಇರುವುದು ಗಾಳಿಯ ಲೆಕ್ಕದಲ್ಲಿ. ಆನೆಗೊಂದಿಯ ಕಡವಿನಲ್ಲಿ ತುಂಗಭದ್ರೆ ದಾಟಿಸುವ ಹರಿಗೋಲಿನವನನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎದುರು ದಡದ ಮೆಟ್ಟಿಲಿಗೆ ಹೋಗಬೇಕಾದರೆ ಅವನು ಮೆಟ್ಟಿಲಿನತ್ತ ಹುಟ್ಟು ಹಾಕುವುದಿಲ್ಲ; ಹೊಳೆಯ ಸೆಳೆತ ಎಷ್ಟಿದೆಯೋ ಅಷ್ಟು ಮೇಲುಗಡೆಗೆ ಗುರಿಯಿಡುತ್ತಾನೆ. ಹರಿಗೋಲು ಒಂದು ಕಡೆ ಮುಖ ಮಾಡಿ ಇನ್ನೊಂದು ಕಡೆ ಸಾಗಿ ಸರಿಯಾಗಿ ಮೆಟ್ಟಿಲಿಗೇ ತಾಗುತ್ತದೆ. ವಿಮಾನವೂ ಹೀಗೆಯೇ ಗಾಳಿಯೊಳಗೆ ಹಾರುತ್ತದೆ, ಗಾಳಿ ತಾನೇ ನೆಲದ ಮೇಲೆ ಚಲಿಸುತ್ತಿರುತ್ತದೆ. ವಿಮಾನದ ಮುಖ ಮತ್ತು ವೇಗ ಒಂದು ಬಾಹು, ಗಾಳಿಯ ದಿಕ್ಕು ಮತ್ತು ವೇಗ ಇನ್ನೊಂದು ಬಾಹು, ನೆಲದ ಮೇಲೆ ಮೂಡುವ ದಾರಿ ಮೂರನೆಯ ಬಾಹು. ಈ ತ್ರಿಕೋನವನ್ನು ಬಿಡಿಸಲು ಪೈಲಟ್‌ಗಳು ತೊಡೆಯ ಮೇಲೆ ಇಟ್ಟುಕೊಂಡು ತಿರುಗಿಸುವ ವೃತ್ತಾಕಾರದ ಸ್ಲೈಡ್‌ರೂಲ್ ಬಂತು. ಇಂದು ಕಂಪ್ಯೂಟರ್ ಆ ಕೆಲಸ ಮಾಡುತ್ತಿದ್ದರೂ ಪೈಲಟ್ ಆಗಲು ಕಲಿಯುವವರು ಈ ತ್ರಿಕೋನವನ್ನು ಕೈಯಲ್ಲಿ ಬಿಡಿಸಲೇಬೇಕು.

ಪುಸ್ ಮಾತ್‌ನ ವೇಗ ಗಂಟೆಗೆ ಸುಮಾರು 170 ಕಿ.ಮೀ. ಎಂದಿಟ್ಟುಕೊಳ್ಳಿ. ಗಾಳಿಯಿಲ್ಲದ ದಿನ ಜುಹುವಿನಿಂದ ಬಳ್ಳಾರಿಗೆ 3 ಗಂಟೆ 38 ನಿಮಿಷ. ಗಂಟೆಗೆ 40 ಕಿ.ಮೀ. ಅಡ್ಡಗಾಳಿ ಬೀಸುತ್ತಿದ್ದರೆ ಮೂತಿಯನ್ನು ಹದಿನಾಲ್ಕು ಡಿಗ್ರಿಯಷ್ಟು ಗಾಳಿಯತ್ತ ತಿರುಗಿಸಿ ಹಾರಬೇಕು. ಅದನ್ನು ಮರೆತು ನೇರ ಗುರಿಯಿಟ್ಟರೆ ಅಷ್ಟು ಹೊತ್ತಿನಲ್ಲಿ ಗಾಳಿ ಅವನನ್ನು 145 ಕಿ.ಮೀ. ಪಕ್ಕಕ್ಕೆ ಒಯ್ದಿರುತ್ತದೆ. ಬಳ್ಳಾರಿಗೆ ಹೊರಟವನು ಬಳ್ಳಾರಿ ಜಿಲ್ಲೆಯನ್ನೇ ಕಾಣದೆ ಹೋದಾನು.

ಅದೇ ಗಾಳಿ ಎದುರಿನಿಂದ ಬಂದರೆ? ‘ಹೋಗುವಾಗ ಕಿತ್ತುಕೊಂಡದ್ದನ್ನು ಬರುವಾಗ ಕೊಡುತ್ತದಲ್ಲ, ಲೆಕ್ಕ ಚುಕ್ತಾ’ ಎಂದು ಯಾರಿಗಾದರೂ ಅನ್ನಿಸೀತು. ಲೆಕ್ಕ ಹಾಗಿಲ್ಲ. 40 ಕಿ.ಮೀ. ಎದುರುಗಾಳಿಯಲ್ಲಿ ಹೋಗುವ ಹೊತ್ತು 4 ಗಂಟೆ 45 ನಿಮಿಷ. ಅದೇ ಗಾಳಿ ಬೆನ್ನಿಗಿದ್ದು ಮರಳುವ ಹೊತ್ತು 2 ಗಂಟೆ 57 ನಿಮಿಷ. ಒಟ್ಟು 7 ಗಂಟೆ 42 ನಿಮಿಷ. ಗಾಳಿಯೇ ಇಲ್ಲದಿದ್ದರೆ ಹೋಗಿಬರಲು 7 ಗಂಟೆ 16 ನಿಮಿಷ ಸಾಕಿತ್ತು. ಎದುರುಗಾಳಿಯಲ್ಲಿ ವಿಮಾನ ಹೆಚ್ಚು ಹೊತ್ತು ಇರುತ್ತದೆ, ಹಿಂಗಾಳಿಯಲ್ಲಿ ಕಡಿಮೆ ಹೊತ್ತು. ಆದ್ದರಿಂದ ನಷ್ಟದ ತಟ್ಟೆ ಯಾವಾಗಲೂ ಭಾರ. ಎಷ್ಟೇ ಬಲದ ವಿಮಾನವಿರಲಿ, ಒಂದೇ ಸಮನೆ ಬೀಸುವ ಗಾಳಿ ತಾನು ತೆಗೆದುಕೊಂಡದ್ದನ್ನು ಪೂರ್ತಿ ಹಿಂದಿರುಗಿಸುವುದಿಲ್ಲ.

ನಮ್ಮ ಸೀಮೆಯ ಗಾಳಿಗೆ ಅದರದೇ ಕಾಲಮಾನವಿದೆ, ಅಂತಸ್ತುಗಳೂ ಇವೆ. ಮುಂಗಾರಿನ ತಿಂಗಳುಗಳಲ್ಲಿ ಒಂದೂವರೆ ಕಿ.ಮೀ. ಎತ್ತರದ ಆಸುಪಾಸಿನಲ್ಲಿ ಅರಬ್ಬೀ ಸಮುದ್ರದಿಂದ ಪಶ್ಚಿಮದ ಗಾಳಿ ಪರ್ಯಾಯ ದ್ವೀಪವನ್ನು ಅಡ್ಡಹಾಯ್ದು ರಭಸವಾಗಿ ಬೀಸುತ್ತದೆ. ಅದೇ ದಿನ, ಅದೇ ಊರಿನ ಮೇಲೆ ಹದಿನಾಲ್ಕು ಹದಿನೈದು ಕಿ.ಮೀ. ಎತ್ತರದಲ್ಲಿ ಪೂರ್ವದಿಂದ ಇನ್ನೂ ಬಿರುಸಾದ ಗಾಳಿ ಹೊಳೆಯಾಗಿ ಹರಿಯುತ್ತಿರುತ್ತದೆ. ಈ ಪೂರ್ವದ ಜೆಟ್ ಗಾಳಿಯನ್ನು 1950ರ ದಶಕದಲ್ಲಿ ವಿವರಿಸಿದವರು ಭಾರತೀಯ ಹವಾಮಾನ ಇಲಾಖೆಯ ಪಿ. ಕೋಟೇಶ್ವರಂ; ಮುಂದೆ ಅವರೇ ಇಲಾಖೆಯ ಮುಖ್ಯಸ್ಥರಾದರು. ಕೆಳಗೆ ಹಾರುವ ಸಣ್ಣ ವಿಮಾನಕ್ಕೆ ಪಶ್ಚಿಮದ ದಾರಿ ಏರುದಾರಿಯಾದ ದಿನವೇ ಎತ್ತರದಲ್ಲಿ ಹಾರುವ ಜೆಟ್‌ಗೆ ಅದು ಇಳಿಜಾರಾಗಬಹುದು. ಆದ್ದರಿಂದ ಎಷ್ಟು ಎತ್ತರದಲ್ಲಿ ಹಾರುವುದು ಎಂಬುದೂ ಹೊತ್ತಿನ ಲೆಕ್ಕಕ್ಕೆ ಸೇರುತ್ತದೆ. 1930ರ ದಶಕದ ಅಂಚೆ ವಿಮಾನಗಳಿಗೆ ಮುಂಗಾರು ಇನ್ನೊಂದು ಬಗೆಯಲ್ಲಿ ಲೆಕ್ಕ ಬದಲಿಸುತ್ತಿತ್ತು. ಜುಹುವಿನ ಬಯಲು ಕೆಸರುಗದ್ದೆಯಾಗುತ್ತಿದ್ದರಿಂದ ಮಳೆಗಾಲದಲ್ಲಿ ಬಿಡಾರ ಪುಣೆಗೆ ಹೋಗುತ್ತಿತ್ತು. ಪುಣೆಯಿಂದ ಬಳ್ಳಾರಿಗೆ ನೇರ ದೂರ 500 ಕಿ.ಮೀ.; ಜುಹುವಿನಿಂದ ಹೊರಟದ್ದಕ್ಕಿಂತ ಮುಕ್ಕಾಲು ಗಂಟೆಯ ಹಾರಾಟ ಕಡಿಮೆ.

ಇನ್ನು ಇಂದಿನ ಕಾಲಕ್ಕೆ ಬರೋಣ. ಸರ್ಕಾರದ ಉಡಾನ್ ಯೋಜನೆ 2016ರ ಅಕ್ಟೋಬರ್‌ನಲ್ಲಿ ಪ್ರಕಟವಾಯಿತು. ಸುಮಾರು ಒಂದು ಗಂಟೆಯ, 500 ಕಿ.ಮೀ. ಆಸುಪಾಸಿನ ಹಾರಾಟಕ್ಕೆ ಅರ್ಧದಷ್ಟು ಸೀಟುಗಳ ದರ 2,500 ರೂಪಾಯಿ ಮೀರಬಾರದು ಎಂದು ಆಗ ಗೊತ್ತುಮಾಡಲಾಯಿತು. ಮರುವರ್ಷ ಟ್ರೂಜೆಟ್ ಕಂಪನಿಯ ಎಟಿಆರ್-72 ವಿಮಾನಗಳು ವಿದ್ಯಾನಗರವನ್ನು ಬೆಂಗಳೂರಿಗೂ ಹೈದರಾಬಾದಿಗೂ ಜೋಡಿಸಿದವು. ಆಮೇಲೆ ಕಂಪನಿಗಳ ಹೆಸರು ಬದಲಾಗಿದೆ, ವೇಳೆಗಳೂ ಬದಲಾಗಿವೆ. ಬೆಂಗಳೂರಿನ ದೂರ ಮಾತ್ರ ಅದೇ 134 ನಾಟಿಕಲ್ ಮೈಲಿ.

ಎಟಿಆರ್-72 ರೆಕ್ಕೆಯಲ್ಲಿ ಎರಡು ಫ್ಯಾನುಗಳಿರುವ, 270 ನಾಟ್, ಅಂದರೆ ಗಂಟೆಗೆ 270 ನಾಟಿಕಲ್ ಮೈಲಿ ಅಥವಾ 500 ಕಿ.ಮೀ. ಓಡುವ ವಿಮಾನ. 134ನ್ನು 270ರಿಂದ ಭಾಗಿಸಿದರೆ ಸರಿಯಾಗಿ ಅರ್ಧ ಗಂಟೆ. ಟಿಕೆಟ್ಟಿನಲ್ಲಿ ಕಾಣುವುದು ಒಂದು ಗಂಟೆಯ ಸುತ್ತಮುತ್ತ. ಉಳಿದರ್ಧ ಗಂಟೆ ಎಲ್ಲಿ ಹೋಯಿತು?

ವಿಮಾನ ಹೊರಟ ಕೂಡಲೇ 270 ನಾಟ್ ಓಡುವುದಿಲ್ಲ. ಬೆಂಗಳೂರಿನ ನಿಲ್ದಾಣ ಸಮುದ್ರಮಟ್ಟದಿಂದ 3,000 ಅಡಿ ಎತ್ತರದಲ್ಲಿದೆ. ಅಲ್ಲಿಂದ 16,000 ಅಡಿಗೆ, ನಿಮಿಷಕ್ಕೆ ಸಾವಿರ ಅಡಿಯಂತೆ ಏರಿದರೂ ಹದಿಮೂರು ನಿಮಿಷ ಬೇಕು. ಏರುವಾಗಿನ ವೇಗ ಇನ್ನೂರು ನಾಟ್ ಆಸುಪಾಸು. ಅಷ್ಟರಲ್ಲಿ ನಲವತ್ತು ಮೈಲಿ ಮುಗಿದಿರುತ್ತದೆ. ಇಳಿಯಲು ಪೈಲಟ್‌ಗಳು ಬಳಸುವ ಕೈಲೆಕ್ಕ, ಸಾವಿರ ಅಡಿಗೆ ಮೂರು ನಾಟಿಕಲ್ ಮೈಲಿ. ಅಂದರೆ ತೋರಣಗಲ್ಲಿಗೆ ಇನ್ನೂ ನಲವತ್ತು ಮೈಲಿ ಇರುವಾಗಲೇ ಇಳಿಯತೊಡಗಬೇಕು. ಏರಿಕೆ ಇಳಿಕೆಗಳ ನಡುವೆ ಪೂರ್ಣ ವೇಗದಲ್ಲಿ ಓಡಲು ಉಳಿಯುವುದು ಐವತ್ತು ಮೈಲಿ, ಹನ್ನೊಂದು ನಿಮಿಷ. ಪ್ರಯಾಣಿಕರು ಸೀಟ್‌ಬೆಲ್ಟ್ ಬಿಚ್ಚಿ ನೀರು ಕುಡಿದು ಮುಗಿಸುವುದರೊಳಗೆ ಮತ್ತೆ ಕಟ್ಟಿಕೊಳ್ಳಿ ಎಂಬ ಸೂಚನೆ ಬರುವುದು ಇದಕ್ಕೇ.

ಇಂಥ ದಾರಿಗೆ 450 ನಾಟ್ ಓಡುವ ದೊಡ್ಡ ಜೆಟ್ ಬಂದರೂ ಬಹಳ ಲಾಭವಿಲ್ಲ. ಜೆಟ್‌ನ ಆ ವೇಗ ದಕ್ಕುವುದು ಮೂವತ್ತು ಸಾವಿರ ಅಡಿಯ ಮೇಲೆ. ಅಲ್ಲಿಂದ ಇಳಿಯಲಿಕ್ಕೇ ತೊಂಬತ್ತು ಮೈಲಿ ಹತ್ತಿರ ಬೇಕು, ಏರಲು ಇನ್ನೂ ಅಷ್ಟು. 134 ಮೈಲಿಯ ದಾರಿಯಲ್ಲಿ ಅದಕ್ಕೆ ಎಡೆಯೇ ಇಲ್ಲ. ಅದು ತನ್ನ ಎತ್ತರಕ್ಕಿಂತ ಬಹಳ ಕೆಳಗೆ ಹಾರಿ, ಇಂಧನ ಹೆಚ್ಚು ಸುಟ್ಟು, ಕೊನೆಗೆ ಕೆಲವೇ ನಿಮಿಷ ಉಳಿಸೀತು. ಸಣ್ಣ ದಾರಿಗೆ ಫ್ಯಾನಿನ ವಿಮಾನ, ಉದ್ದ ದಾರಿಗೆ ಜೆಟ್ ಎಂಬ ಹಂಚಿಕೆಗೆ ಈ ಲೆಕ್ಕವೇ ಬುನಾದಿ.

ದಾರಿಯೂ ದಾರದಂತೆ ನೇರವಿರುವುದಿಲ್ಲ. ರನ್‌ವೇ ಯಾವ ದಿಕ್ಕಿಗಿದೆಯೋ ಆ ದಿಕ್ಕಿಗೆ ಹಾರಬೇಕು; ಉತ್ತರಕ್ಕೆ ಹೋಗಬೇಕಾದವನು ಅಂದಿನ ಗಾಳಿಗೆ ತಕ್ಕಂತೆ ಪೂರ್ವಕ್ಕೋ ಪಶ್ಚಿಮಕ್ಕೋ ಎದ್ದು ಸುತ್ತಿ ಬರಬೇಕು. ಆಕಾಶದಲ್ಲಿ ಐದೈದು ಅಕ್ಷರದ ಹೆಸರುಳ್ಳ ಬಿಂದುಗಳನ್ನು ಗೊತ್ತುಮಾಡಿ, ಅವುಗಳ ಮೇಲೆ ಹಾದುಹೋಗುವ ದಾರಿಗಳನ್ನು ಹಾಕಿದ್ದಾರೆ. ಕೆಂಪೇಗೌಡ ನಿಲ್ದಾಣಕ್ಕೆ ಯಲಹಂಕದ ವಾಯುಪಡೆ ನೆಲೆ ಹತ್ತಿರದ ನೆರೆ. ಅಲ್ಲಿ ಏರೋ ಇಂಡಿಯಾ ಪ್ರದರ್ಶನ ನಡೆಯುವ ದಿನಗಳಲ್ಲಿ ಕೆಲವು ಗಂಟೆ ನಾಗರಿಕ ವಿಮಾನಗಳಿಗೆ ಆಕಾಶವನ್ನೇ ಮುಚ್ಚಿ, ವೇಳಾಪಟ್ಟಿಯನ್ನು ಹಿಂದುಮುಂದು ಮಾಡುತ್ತಾರೆ.

ಇವೆಲ್ಲವನ್ನೂ ಒಂದು ಹಾಳೆಗೆ ಇಳಿಸುವವರು ಡಿಸ್ಪ್ಯಾಚರ್‌ಗಳು. ಪ್ರಯಾಣಿಕರ ಕಣ್ಣಿಗೆ ಬೀಳದ ಈ ಮಂದಿ ಹಾರಾಟಕ್ಕೆ ಮುಂಚೆ ಎತ್ತರೆತ್ತರದ ಗಾಳಿ, ಉಷ್ಣಾಂಶ, ವಿಮಾನದ ತೂಕ ಎಲ್ಲವನ್ನೂ ಕೂಡಿಸಿ ಬಿಂದುವಿನಿಂದ ಬಿಂದುವಿಗೆ ಎಷ್ಟು ನಿಮಿಷ, ಎಷ್ಟು ಕಿಲೋ ಇಂಧನ ಎಂದು ಬರೆಯುತ್ತಾರೆ. ಅವರ ಇಂಧನದ ಲೆಕ್ಕವೇ ಹೊತ್ತಿನ ಲೆಕ್ಕ. ದಾರಿಗೆ ಬೇಕಾದಷ್ಟು, ಅದರ ಮೇಲೆ ಅನಿರೀಕ್ಷಿತಕ್ಕೆ ನೂರಕ್ಕೆ ಐದರಷ್ಟು, ಗಮ್ಯದಲ್ಲಿ ಇಳಿಯಲಾಗದಿದ್ದರೆ ಬದಲಿ ಊರಿಗೆ ಹೋಗುವಷ್ಟು, ಅದಾದ ಮೇಲೂ 1,500 ಅಡಿ ಎತ್ತರದಲ್ಲಿ ಅರ್ಧ ಗಂಟೆ ಸುತ್ತುವಷ್ಟು ಹಾಕಿಸಬೇಕು. ವಿದ್ಯಾನಗರದ ಮೇಲೆ ಮಂಜು ಕವಿದು, ಬದಲಿ ಊರು ಹುಬ್ಬಳ್ಳಿ ಎಂದಾದರೆ ಇನ್ನೂ 167 ಕಿ.ಮೀ. ಇಂಧನವನ್ನು ಎಷ್ಟು ಬೇಕೋ ಅಷ್ಟೇ ಹಾಕಿಸುವುದು ಕಲೆ. ಹೆಚ್ಚು ಹಾಕಿದರೆ ಆ ತೂಕ ಹೊರಲಿಕ್ಕೇ ಮತ್ತಷ್ಟು ಇಂಧನ ಸುಡುತ್ತದೆ.

ವಿಮಾನದ ಗಾಲಿಗೆ ಕೊಟ್ಟ ಅಡ್ಡಗಟ್ಟಿ ತೆಗೆದ ಕ್ಷಣದಿಂದ ಇನ್ನೊಂದೂರಿನಲ್ಲಿ ಮತ್ತೆ ಅಡ್ಡಗಟ್ಟಿ ಕೊಡುವ ಕ್ಷಣದವರೆಗಿನ ಹೊತ್ತನ್ನು ಬ್ಲಾಕ್ ಟೈಮ್ ಎನ್ನುತ್ತಾರೆ. ಟಿಕೆಟ್ಟಿನಲ್ಲಿರುವುದು ಇದು. ಬೆಂಗಳೂರಿನಲ್ಲಿ ರನ್‌ವೇಗೆ ಉರುಳಿ, ಸಾಲಿನಲ್ಲಿ ನಿಂತು ಏಳುವವರೆಗಿನ ಹೊತ್ತು, ಏರುವ ಇಳಿಯುವ ಸುತ್ತು, ತೋರಣಗಲ್ಲಿನಲ್ಲಿ ಇಳಿದು ನಿಲ್ಲುವ ಹೊತ್ತು ಎಲ್ಲವೂ ಇದರೊಳಗೆ. ಮಾರ್ಚ್ ಕೊನೆಗೆ ಬೇಸಿಗೆಯ ಪಟ್ಟಿ, ಅಕ್ಟೋಬರ್ ಕೊನೆಗೆ ಚಳಿಗಾಲದ ಪಟ್ಟಿ ಬರುತ್ತದೆ. ಅದನ್ನು ಹೊಂದಿಸುವವರು ಹಿಂದಿನ ಹಾರಾಟಗಳು ನಿಜಕ್ಕೂ ತೆಗೆದುಕೊಂಡ ಹೊತ್ತನ್ನೆಲ್ಲ ಹರಡಿಕೊಂಡು ಕೂರುತ್ತಾರೆ. ಸರಾಸರಿಯನ್ನೇ ಹಾಕಿದರೆ ಅರ್ಧದಷ್ಟು ವಿಮಾನಗಳು ತಡವೆನಿಸಿಕೊಳ್ಳುತ್ತವೆ. ಹೆಚ್ಚು ಸಡಿಲ ಬಿಟ್ಟರೆ ಅದೇ ವಿಮಾನ ದಿನಕ್ಕೆ ಮಾಡಬಹುದಾದ ಒಂದು ಸುತ್ತು ತಪ್ಪುತ್ತದೆ. ಹದಿನೈದು ನಿಮಿಷದೊಳಗಿನ ತಡವನ್ನು ತಡವೆಂದು ಎಣಿಸುವುದಿಲ್ಲ ಎಂಬ ರೂಢಿಯೂ ಉಂಟು. ಇವುಗಳ ನಡುವೆ ಎಲ್ಲಿ ಗೆರೆ ಎಳೆಯಬೇಕೆಂಬುದು ಅನುಭವದಿಂದ ಬರುವ ಹದ. ನಿಮ್ಮ ವಿಮಾನ ಹತ್ತು ನಿಮಿಷ ಬೇಗ ತಲುಪಿತೆಂದರೆ ಪೈಲಟ್ ಜೋರಾಗಿ ಓಡಿಸಿದ ಎಂದೇನಲ್ಲ; ಸಾಲಿನಲ್ಲಿ ಕಾಯಲೆಂದು ತೆಗೆದಿಟ್ಟಿದ್ದ ಹೊತ್ತು ಅಂದು ಖರ್ಚಾಗಲಿಲ್ಲ, ಅಷ್ಟೆ.

ಇದೇ ಲೆಕ್ಕ ಭೂಮಿಯ ಆಚೆ ಬದಿಗೆ ಚಾಚಿದಾಗ ಅದರ ಭವ್ಯತೆ ಕಾಣುತ್ತದೆ. ಸಾನ್ ಫ್ರಾನ್ಸಿಸ್ಕೊ ಸುತ್ತಲಿನ ಕೊಲ್ಲಿ ಪ್ರದೇಶದಲ್ಲಿ ನೆಲೆಸಿದ ಕನ್ನಡ ಕುಟುಂಬಗಳು ಬೆಂಗಳೂರಿಗೆ ಬರಬೇಕಾದರೆ ನಡುವೆ ಎಲ್ಲಾದರೂ ಇಳಿದು ಹತ್ತಬೇಕಿತ್ತು. 2021ರ ಜನವರಿ 9ರಂದು ಏರ್ ಇಂಡಿಯಾದ ಬೋಯಿಂಗ್ 777 ವಿಮಾನ ಅಲ್ಲಿಂದ ಎದ್ದು, ಎಲ್ಲೂ ನಿಲ್ಲದೆ 11ರ ನಸುಕಿನಲ್ಲಿ ಬೆಂಗಳೂರು ಮುಟ್ಟಿತು. ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಮುಂದಾಳಾಗಿದ್ದ ಆ ವಿಮಾನದ ಪೈಲಟ್‌ಗಳೆಲ್ಲ ಮಹಿಳೆಯರು. ಗೋಡೆಯ ನಕ್ಷೆಯಲ್ಲಿ ನೋಡಿದರೆ ಪೆಸಿಫಿಕ್ ಸಾಗರವನ್ನು ಅಡ್ಡಹಾಯುವುದೇ ನೇರ ದಾರಿ ಎನಿಸುತ್ತದೆ. ಗ್ಲೋಬಿನ ಮೇಲೆ ದಾರ ಹಿಡಿದರೆ ಅದು ಉತ್ತರ ಧ್ರುವದ ಹತ್ತಿರ ಹೋಗಿ ಬರುತ್ತದೆ. ಅವರು ಹೋದದ್ದೂ ಧ್ರುವದ ಮೇಲೆ. ನೇರ ದೂರ 13,993 ಕಿ.ಮೀ., ಹಾರಿದ್ದು ಹದಿನೇಳು ಗಂಟೆಯಷ್ಟು. ಇಂಥ ದಾರಿಯಲ್ಲಿ ಗಾಳಿಯ ಅಂದಾಜು ಸ್ವಲ್ಪ ತಪ್ಪಿದರೂ ಟನ್‌ಗಟ್ಟಲೆ ಇಂಧನದ ವ್ಯತ್ಯಾಸವಾಗುತ್ತದೆ. ತತ್ವ ಮಾತ್ರ ವಿಂಟ್ಸೆಂಟ್ ಅವರ ಪೆನ್ಸಿಲ್ ಗೆರೆಯದೇ.

ಕೊನೆಯದಾಗಿ, ಪ್ರಯಾಣಿಕ ತಾನೇ ಮಾಡಿಕೊಳ್ಳಬೇಕಾದ ಲೆಕ್ಕ ಒಂದಿದೆ. ಬೆಂಗಳೂರಿನಲ್ಲೂ ಒಂದು ಗಾಂಧಿನಗರವಿದೆ, ಮೆಜೆಸ್ಟಿಕ್ ಪಕ್ಕದಲ್ಲಿ. ಬಳ್ಳಾರಿಯ ಗಾಂಧಿನಗರದಿಂದ ಅಲ್ಲಿಗೆ ಹೊರಟವರು ಹೊಸಪೇಟೆ ರಸ್ತೆಯಲ್ಲಿ ಲಾರಿಗಳ ಸಾಲಿನ ಜೊತೆ ಮೂವತ್ತು ಕಿ.ಮೀ.ಗೂ ಹೆಚ್ಚು ಹೋಗಿ ತೋರಣಗಲ್ಲು ತಲುಪಬೇಕು. ಅಂದರೆ ಬೆಂಗಳೂರಿಗೆ ಬೆನ್ನುಹಾಕಿ ಮೊದಲು ಪಶ್ಚಿಮಕ್ಕೆ. ತಪಾಸಣೆಗೆಂದು ಒಂದು ಗಂಟೆ ಮುಂಚೆ ಹೋಗಿರಬೇಕು. ಆಮೇಲೆ ಒಂದು ಗಂಟೆಯ ವಿಮಾನ. ಇಳಿದು ಬ್ಯಾಗು ಹಿಡಿದು ಹೊರಬಂದ ಮೇಲೆ ದೇವನಹಳ್ಳಿಯ ಕಡೆಯಿಂದ ಮೆಜೆಸ್ಟಿಕ್‌ಗೆ ಮತ್ತೆ ಮೂವತ್ತೈದು ಕಿ.ಮೀ., ಹೆಬ್ಬಾಳದ ದಟ್ಟಣೆ ಬೇರೆ. ಎಲ್ಲ ಕೂಡಿಸಿದರೆ ನಾಲ್ಕು ಗಂಟೆ ದಾಟುತ್ತದೆ. ಕಾರಿನ ಐದಾರು ತಾಸಿಗೂ ಇದಕ್ಕೂ ಅಂತರ ಬಹಳವಿಲ್ಲ. ಮಲಗಿ ಹೋಗುವ ರಾತ್ರಿಯ ರೈಲಿಗಂತೂ ಹಗಲಿನ ಒಂದು ಗಂಟೆಯೂ ಖರ್ಚಾಗುವುದಿಲ್ಲ.

ಆಕಾಶದ ನಿಮಿಷಗಳನ್ನು ಅಳೆಯುವ ಕಸುಬು ಇಷ್ಟು ಪಳಗಿರುವಾಗ ನೆಲದ ಗಂಟೆಗಳನ್ನು ಅಳೆಯುವವರು ಯಾರೂ ಇಲ್ಲ. ಟಾಟಾ ಅಂಚೆ ವಿಮಾನ ಮೊದಲ ವರ್ಷದಲ್ಲಿ 1,60,000 ಮೈಲಿ ಹಾರಿತು. ಮುಂಗಾರಿನ ತಿಂಗಳುಗಳಲ್ಲೂ ಅದು ಸಮಯ ತಪ್ಪದ್ದನ್ನು ಅಂದಿನ ನಾಗರಿಕ ವಿಮಾನಯಾನ ಇಲಾಖೆ ತನ್ನ ವರದಿಯಲ್ಲಿ ಮೆಚ್ಚಿ ಬರೆಯಿತು. ರೇಡಿಯೋ ಇಲ್ಲದವರು ಅಷ್ಟು ಕರಾರುವಾಕ್ಕಾಗಿ ತಲುಪಿದ್ದು ವಿಮಾನದ ವೇಗದಿಂದಲ್ಲ. ಏನೇನು ಹೊತ್ತು ತಿನ್ನುತ್ತದೆ ಎಂಬುದನ್ನೆಲ್ಲ ಹೊರಡುವ ಮುಂಚೆಯೇ ಎಣಿಸಿಟ್ಟುಕೊಂಡಿದ್ದರಿಂದ. ಬಳ್ಳಾರಿಗೆ ಹೊಸ ವಿಮಾನ ಬೇಕು, ಹೊಸ ನಿಲ್ದಾಣ ಬೇಕು ಎಂದು ಕೇಳುವಾಗ ನಾವೂ ಆ ಹಳೆಯ ಅಂಚೆಯವರಂತೆ ಎಣಿಸಬೇಕು. ಲೆಕ್ಕ ಶುರುವಾಗಬೇಕಾದ್ದು ರನ್‌ವೇಯಿಂದಲ್ಲ, ಮನೆಯ ಬಾಗಿಲಿನಿಂದ.